ದೆವ್ವಗಳ ವಿಳಾಸದಲ್ಲಿ ನಮ್ಮ ಮಸೀದಿಗಳು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಳೆದ ರಜೆಯಲ್ಲಿ ನಮ್ಮ ನೆರೆಮನೆಯ ಯುವಕನೊಬ್ಬ ಗೆಳೆಯರೊಂದಿಗೆ ದೆಹಲಿಗೆ ಹೋಗಿದ್ದ. ಮರಳಿ ಬಂದವನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದನ್ನು ಮನೆಮಂದಿಗೆಲ್ಲ ತೋರಿಸಿದ. ಮುಸ್ಸಂಜೆಯ ಮಬ್ಬು, ಹಳೆಯ ಕಮಾನುಗಳು, ಗೆಳೆಯರ ಪಿಸುಮಾತು, ಆಮೇಲೆ ಯಾರೋ ಬೇಕೆಂದೇ ಹಾಕಿದ ಒಂದು ಕಿರುಚಾಟ. 'ದೆಹಲಿಯಲ್ಲೇ ಭಯಾನಕವಾದ ಜಾಗವಿದು. ಇಲ್ಲಿ ಜಿನ್ನ್‌ಗಳು ಕೆನ್ನೆಗೆ ಹೊಡೆಯುತ್ತವಂತೆ' ಎಂದು ಉತ್ಸಾಹದಿಂದ ವಿವರಿಸಿದ. ಅವನ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ನೋಡಿ, 'ಇದು ಮಸೀದಿಯಲ್ಲವೇ ಮಗಾ? ಮಿಹ್ರಾಬ್ ಕಾಣುತ್ತಿದೆಯಲ್ಲ. ಯಾರು ಕಟ್ಟಿಸಿದ್ದು?' ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ.

ಅದು ಮೆಹ್ರೌಲಿಯ ಜಮಾಲಿ ಕಮಾಲಿ ಮಸೀದಿ. 1528-29ರ ಸುಮಾರಿಗೆ ನಿರ್ಮಾಣಗೊಂಡದ್ದು. ಜಮಾಲಿ ಎಂಬುದು ಶೇಖ್ ಫಝ್ಲುಲ್ಲಾಹ್ ಎಂಬ ಸೂಫಿ ಕವಿಯ ಕಾವ್ಯನಾಮ. ಸಿಕಂದರ್ ಲೋದಿಯ ಕಾಲದಿಂದ ಹುಮಾಯೂನನ ಕಾಲದವರೆಗೆ ಮನ್ನಣೆ ಪಡೆದಿದ್ದ, ದೂರದೇಶಗಳನ್ನು ಸುತ್ತಿ ಬಂದಿದ್ದ, ಸೂಫಿಗಳ ಜೀವನ ಚರಿತ್ರೆಗಳನ್ನು ಬರೆದಿಟ್ಟ ವಿದ್ವಾಂಸರವರು. ಮಸೀದಿಯ ಪಕ್ಕದಲ್ಲೇ ಅವರ ಸಮಾಧಿಯಿದೆ. ಇಂತಹ ಓರ್ವ ವ್ಯಕ್ತಿ ಇಂದು ನಮ್ಮ ಮಕ್ಕಳಿಗೆ ಪರಿಚಯವಾಗುವುದು ಒಂದು ದೆವ್ವದ ಕತೆಯ ಮೂಲಕ!

2023ರಲ್ಲಿ ದೆಹಲಿಯ ಪ್ರವಾಸೋದ್ಯಮ ವಿಭಾಗವು ದೆವ್ವದ ತಾಣಗಳಿಗೆ ಸಂಜೆಯ ನಡಿಗೆಯೊಂದನ್ನು ಆರಂಭಿಸಿತು. ತಲೆಗೆ 800 ರೂಪಾಯಿ ಶುಲ್ಕ. ಮಾಲ್ಚಾ ಮಹಲ್, ಭೂಲಿ ಭಟಿಯಾರಿ, ಫಿರೋಝ್ ಶಾ ಕೋಟ್ಲಾ, ತುಘಲಕಾಬಾದ್ ಕೋಟೆ ಅದರ ಪಟ್ಟಿಯಲ್ಲಿದ್ದವು. ಮನರಂಜನೆ ತಾನೇ, ಅದರಲ್ಲೇನು ತಪ್ಪು ಎಂದು ನೀವು ಕೇಳಬಹುದು. ಮಾಲ್ಚಾ ಮಹಲಿನ 'ದೆವ್ವ' ಯಾರೆಂದು ತಿಳಿದರೆ ನಿಮಗೆ ನಗು ಬರಲಾರದು.

ತುಘಲಕರ ಕಾಲದ ಬೇಟೆಯ ಮನೆಯದು. ಕಾಡಿನ ನಡುವೆ, ವಿದ್ಯುತ್ತಿಲ್ಲದೆ, ನೀರಿನ ಸಂಪರ್ಕವಿಲ್ಲದೆ ಬಿದ್ದುಕೊಂಡಿತ್ತು. ವಿಲಾಯತ್ ಎಂಬ ಮಹಿಳೆ ತಾನು ಅವಧ್‌ನ ನವಾಬರ ವಂಶಸ್ಥೆಯೆಂದು ಹೇಳಿಕೊಂಡು, ಇಬ್ಬರು ಮಕ್ಕಳೊಂದಿಗೆ ವರ್ಷಗಟ್ಟಲೆ ಹೊಸದಿಲ್ಲಿ ರೈಲು ನಿಲ್ದಾಣದಲ್ಲಿ ಠಿಕಾಣಿ ಹೂಡಿದ್ದರು. 1985ರಲ್ಲಿ ಅವರು ಈ ಪಾಳು ಕಟ್ಟಡಕ್ಕೆ ಬಂದರು. 1993ರಲ್ಲಿ ಆಕೆ ತೀರಿಕೊಂಡರು. ವಜ್ರದ ಪುಡಿ ನುಂಗಿ ಸತ್ತರೆಂಬ ಕತೆ ಹುಟ್ಟಿತು. ಮಗ 2017ರಲ್ಲಿ, ನೋಡಿಕೊಳ್ಳುವವರಿಲ್ಲದೆ, ಅಲ್ಲೇ ಮರಣ ಹೊಂದಿದ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತೆ ಎಲೆನ್ ಬ್ಯಾರಿ ಈ ಕುಟುಂಬದ ಮೂಲವನ್ನು ಹುಡುಕಿ ಪ್ರಕಟಿಸಿದಾಗ ತಿಳಿದು ಬಂದದ್ದೇನು? ಅವರು ನವಾಬರಲ್ಲ. ಲಕ್ನೋ ವಿಶ್ವವಿದ್ಯಾಲಯದಲ್ಲಿ ನೌಕರಿಯಲ್ಲಿದ್ದವರೊಬ್ಬರ ಪತ್ನಿ ಆಕೆ. ದೇಶವಿಭಜನೆಯ ಬಳಿಕ ಪಾಕಿಸ್ತಾನಕ್ಕೆ ಹೋದ ಕುಟುಂಬ. ಕಳಕೊಂಡ ಮನೆಯ ನೋವು ಆಕೆಯನ್ನು ಬಿಡಲಿಲ್ಲ. ಲಾಹೋರಿನ ಮಾನಸಿಕ ಚಿಕಿತ್ಸಾಲಯದಲ್ಲೂ ಆಕೆಯನ್ನು ಇರಿಸಲಾಗಿತ್ತು. ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಭಾರತಕ್ಕೆ ಮರಳಿದರು.

ಮನೆ ಕಳಕೊಂಡ, ಮನಸ್ಸು ಮುರಿದ ಓರ್ವ ತಾಯಿ. ಆಕೆ ಬದುಕಿದ್ದಾಗ ಜನರು ಕುತೂಹಲದಿಂದ ನೋಡಿದರು. ಸತ್ತ ಮೇಲೆ ಶುಲ್ಕ ತೆತ್ತು ನೋಡಿದರು. ಆಕೆಗೆ ಬೇಕಿದ್ದುದು ವೈದ್ಯರು, ನೆರೆಹೊರೆಯವರು, ಒಂದು ಹೊತ್ತಿನ ವಿಚಾರಣೆ. ದೆಹಲಿಯಲ್ಲಿ ನಮ್ಮ ಸಮುದಾಯಕ್ಕೆ ಸಂಘಟನೆಗಳ ಕೊರತೆಯೇನೂ ಇರಲಿಲ್ಲ ಎಂಬುದನ್ನು ನಾನು ಇಲ್ಲಿ ನೆನಪಿಸಲೇಬೇಕು.

ಇನ್ನು ಫಿರೋಝ್ ಶಾ ಕೋಟ್ಲಾ. 1354ರಲ್ಲಿ ಸುಲ್ತಾನ್ ಫಿರೋಝ್ ಶಾ ಸ್ಥಾಪಿಸಿದ ನಗರದ ಕೋಟೆಯದು. ತೋಪ್ರಾದಿಂದ ತರಿಸಿದ ಅಶೋಕನ ಸ್ತಂಭ ಇಂದಿಗೂ ಅಲ್ಲಿ ನಿಂತಿದೆ. 1398ರಲ್ಲಿ ತೈಮೂರ್ ಪ್ರಾರ್ಥನೆ ಸಲ್ಲಿಸಿದನೆನ್ನಲಾದ ಜಾಮಿಯಾ ಮಸೀದಿಯೂ ಅಲ್ಲೇ ಇದೆ. ಪ್ರತಿ ಗುರುವಾರ ಇಲ್ಲಿಗೆ ನೂರಾರು ಜನ ಬಂದು, ಕತ್ತಲ ಕೋಣೆಗಳಲ್ಲಿ ದೀಪ ಹಚ್ಚಿ, ಊದುಬತ್ತಿ ಉರಿಸಿ, ಜಿನ್ನ್‌ಗಳ ಹೆಸರಿಗೆ ಅರ್ಜಿ ಬರೆದು ಗೋಡೆಗೆ ಅಂಟಿಸುತ್ತಾರೆ. ಮಗನಿಗೆ ಕೆಲಸ, ಮಗಳಿಗೆ ವರ, ಗಂಡನ ಕುಡಿತ, ಕೋರ್ಟಿನ ಕೇಸು, ಎಲ್ಲವೂ ಅದರಲ್ಲಿರುತ್ತದೆ. ಒಂದೇ ಅರ್ಜಿಯ ಹಲವು ಝೆರಾಕ್ಸ್ ಪ್ರತಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡುವವರೂ ಇದ್ದಾರೆ, ಸರಕಾರದ ಬೇರೆ ಬೇರೆ ಇಲಾಖೆಗಳಿಗೆ ಕಳುಹಿಸಿದ ಹಾಗೆ. ಈ ಬಗ್ಗೆ 2017ರಲ್ಲಿ ಗ್ರಂಥ ಪ್ರಕಟಿಸಿದ ಸಂಶೋಧಕ ಆನಂದ್ ವಿವೇಕ್ ತನೇಜಾ ಅವರ ಪ್ರಕಾರ, ಜನರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರತೊಡಗಿದ್ದು 1977ರಲ್ಲಿ. ಆ ವರ್ಷವನ್ನು ಗಮನಿಸಿ. ತುರ್ತು ಪರಿಸ್ಥಿತಿ ಆಗಷ್ಟೇ ಮುಗಿದಿತ್ತು. 1976ರಲ್ಲಿ ಇದೇ ಹಳೆ ದೆಹಲಿಯ ತುರ್ಕ್‌ಮಾನ್ ಗೇಟ್‌ನಲ್ಲಿ ಮನೆಗಳ ಮೇಲೆ ಬುಲ್ಡೋಝರ್ ಹರಿದಿತ್ತು, ಗುಂಡು ಹಾರಿತ್ತು. ಸರಕಾರಿ ಕಚೇರಿಯಲ್ಲಿ ಅರ್ಜಿ ಓದುವವರಿಲ್ಲ ಎಂದಾದಾಗ ಮನುಷ್ಯ ಜಿನ್ನ್‌ಗೆ ಅರ್ಜಿ ಬರೆಯುತ್ತಾನೆ.

ಹಾಗೆಂದು ಅದನ್ನು ಸಮರ್ಥಿಸಲು ಸಾಧ್ಯವೇ? ಇಲ್ಲ. ಜಿನ್ನ್‌ಗಳ ಅಸ್ತಿತ್ವವನ್ನು ನಾವು ನಂಬುತ್ತೇವೆ. ಪವಿತ್ರ ಕುರ್‌ಆನ್‌ನಲ್ಲಿ ಅವುಗಳ ಹೆಸರಿನ ಅಧ್ಯಾಯವೇ ಇದೆ. ಆದರೆ ಅದೇ ಅಧ್ಯಾಯವು, ಜಿನ್ನ್‌ಗಳ ಅಭಯ ಯಾಚಿಸಿದ ಮನುಷ್ಯರು ತಮ್ಮ ಸಂಕಟವನ್ನೇ ಹೆಚ್ಚಿಸಿಕೊಂಡರೆಂದು ತಿಳಿಸುತ್ತದೆ. ಪ್ರವಾದಿ ಸುಲೈಮಾನ್(ಅ)ರು ಊರುಗೋಲಿಗೆ ಒರಗಿದಂತೆಯೇ ಮರಣ ಹೊಂದಿದ್ದರೂ, ಹುಳವು ಆ ಕೋಲನ್ನು ತಿಂದು ಅವರು ಕುಸಿಯುವ ತನಕ ಜಿನ್ನ್‌ಗಳಿಗೆ ಅದು ತಿಳಿಯಲಿಲ್ಲ. ಕಣ್ಣೆದುರಿನ ಮರಣವನ್ನೇ ಅರಿಯದವರಿಗೆ ನಿಮ್ಮ ಮಗಳ ವಿವಾಹದ ಚಿಂತೆ ಹೇಗೆ ತಿಳಿಯಬೇಕು? ಸತ್ತವರ ಆತ್ಮ ಅಲೆಯುತ್ತದೆ ಎಂಬುದಕ್ಕಂತೂ ನಮ್ಮಲ್ಲಿ ಆಧಾರವೇ ಇಲ್ಲ. ಅವರಿಗೂ ಇಹಲೋಕಕ್ಕೂ ನಡುವೆ ಬರ್ಝಖ್ ಎಂಬ ತೆರೆಯಿದೆ.

ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕೆ ಆಕಾಶವೇ ಕಪ್ಪಾಯಿತೆಂದು ಜನರು ಮಾತಾಡಿಕೊಂಡರು. ಸುಮ್ಮನಿದ್ದಿದ್ದರೆ ಸಾಕಿತ್ತು, ಒಂದು ದಂತಕತೆ ತಾನಾಗಿಯೇ ಹುಟ್ಟುತ್ತಿತ್ತು. ಆದರೆ ಆ ದುಃಖದ ನಡುವೆಯೂ ಅವರು, ಸೂರ್ಯ ಚಂದ್ರರಿಗೆ ಯಾರ ಹುಟ್ಟು ಸಾವಿನಿಂದಲೂ ಗ್ರಹಣ ಹಿಡಿಯುವುದಿಲ್ಲವೆಂದು ಸ್ಪಷ್ಟಪಡಿಸಿದರು.

ದೆವ್ವದ ಕತೆ ಎಲ್ಲ ಊರುಗಳಲ್ಲೂ ಇದೆ. ಬೆಂಗಳೂರಿನ ಮನೆಬಾಗಿಲುಗಳಲ್ಲಿ 'ನಾಳೆ ಬಾ' ಎಂದು ಬರೆದಿದ್ದ ದಿನಗಳನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಆ ಕತೆ ಬಂತು, ಹೋಯಿತು. ಯಾರ ಆಸ್ತಿಯೂ ಕೈತಪ್ಪಲಿಲ್ಲ. ಆದರೆ ಮಸೀದಿ ಮತ್ತು ಗೋರಿಗಳ ಮೇಲೆ ಅಂಟಿದ ಕತೆ ಹಾಗಲ್ಲ. ಮೆಹ್ರೌಲಿಯ ಸಂಜಯ್ ವನ ಎಂಬ ಕಾಡು ದೆವ್ವಗಳಿಗೆ ಹೆಸರುವಾಸಿ. ಆ ಕಾಡಿನಲ್ಲಿ ಅಖೂಂದ್‌ಜೀ ಮಸೀದಿ, ಮದ್ರಸಾ ಮತ್ತು ಗೋರಿಗಳಿದ್ದವು. 1853-54ರಲ್ಲಿ ಮಸೀದಿಯ ದುರಸ್ತಿ ನಡೆದುದನ್ನು ಪುರಾತತ್ವ ಇಲಾಖೆಯ ಹಳೆಯ ಪಟ್ಟಿಯೇ ದಾಖಲಿಸಿದೆ. 2024ರ ಜನವರಿ 30ರಂದು ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಅಕ್ರಮ ನಿರ್ಮಾಣವೆಂದು ಅವೆಲ್ಲವನ್ನೂ ನೆಲಸಮಗೊಳಿಸಿತು. ದೆವ್ವದ ಕತೆಯಿಂದಾಗಿ ಮಸೀದಿ ಬಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಆ ಕಾಡಿನ ಬಿಳಿಸೀರೆಯ ಹೆಂಗಸಿನ ಕತೆ ಬಲ್ಲವರ ಪೈಕಿ ಎಷ್ಟು ಮಂದಿಗೆ ಅಲ್ಲೊಂದು ಮಸೀದಿಯಿದ್ದುದು ತಿಳಿದಿತ್ತು? ಜನವಸತಿಯಿಲ್ಲದ ಜಾಗವೆಂದು ಎಲ್ಲರೂ ಒಪ್ಪಿಕೊಂಡ ಬಳಿಕ, ಕೆಡವಿದಾಗ ಪ್ರಶ್ನಿಸಲು ಯಾರು ಉಳಿಯುತ್ತಾರೆ?

ದೆಹಲಿ ದೂರವಾಯಿತು. ನಮ್ಮ ಹಳೆಯ ದಫನ ಭೂಮಿಯನ್ನೇ ನೋಡಿ. ಹುಣಸೆ ಮರದಲ್ಲಿ ಜಿನ್ನ್ ಇದೆಯೆಂದು ಹೇಳಿ ಮಕ್ಕಳನ್ನು ಹೆದರಿಸಿದವರು ನಾವೇ. ಈಗ ದೊಡ್ಡವರೂ ಅತ್ತ ಸುಳಿಯುವುದಿಲ್ಲ. ಗೋರಿಗಳ ಮೇಲೆ ಪೊದೆ ಬೆಳೆದಿದೆ, ಪೂರ್ವದ ಬೇಲಿ ಎರಡು ಸಲ ಒಳಕ್ಕೆ ಸರಿದಿದೆ. ಬೇಲಿ ಸರಿಸಿದವರಿಗೆ ಯಾವ ಜಿನ್ನ್‌ನ ಭಯವೂ ಇದ್ದಂತಿಲ್ಲ. ಗೋರಿಗಳನ್ನು ಸಂದರ್ಶಿಸಲು ಪ್ರವಾದಿ(ಸ) ಅನುಮತಿಸಿದ್ದು ಪರಲೋಕದ ನೆನಪಾಗಲೆಂದು. ಅಲ್ಲಿರುವವರಿಗೆ ಸಲಾಮ್ ಹೇಳಬೇಕೆಂದೂ ಕಲಿಸಿದರು. ನಾವು ಸಲಾಮನ್ನೂ ಬಿಟ್ಟೆವು, ಸರ್ವೆ ನಂಬರನ್ನೂ ಮರೆತೆವು.

ಜಮಾಅತ್ ಕಮಿಟಿಯವರಲ್ಲಿ ಮಾತಾಡಿದ್ದೇನೆ. ವಕ್ಫ್ ದಾಖಲೆಯ ಪ್ರತಿಯನ್ನು ಅವರು ತರಿಸುತ್ತಾರೆ. ಬರುವ ಆದಿತ್ಯವಾರ ಅಸರ್ ನಮಾಝಿನ ಬಳಿಕ ಯುವಕರು ಕತ್ತಿ, ಗುದ್ದಲಿಗಳೊಂದಿಗೆ ಬರಬೇಕು. ಯಾವ ಗೋರಿ ಯಾರದೆಂದು ಬಲ್ಲ ಹಿರಿಯರು ಜೊತೆಗಿರಬೇಕು, ಹೆಸರು ಬರೆದುಕೊಳ್ಳಲು ಒಂದು ಪುಸ್ತಕವೂ ಬೇಕು. ದೆಹಲಿಗೆ ಹೋಗಿ ಬಂದ ಆ ಯುವಕ ಮೊಬೈಲ್ ತರುವುದಾಗಿ ಒಪ್ಪಿದ್ದಾನೆ. ಮಕ್ಕಳನ್ನೂ ಕರೆತನ್ನಿ.