ಖಾಲಿ ಬಿಟ್ಟ ಸಾಲು

(ನವೆಂಬರ್ 2 – ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಸಮಾಧಿ ಸ್ಥಳದಲ್ಲಿ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಪ್ರತಿ ವರ್ಷ ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನಮ್ಮ ದೇವಾಲಯದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತೇವೆ. ನೀವು ನಿಮ್ಮ ಮನೆಯಲ್ಲಿ ಮೃತರಾದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಅದರಲ್ಲಿ ಹಾಕುತ್ತೀರಿ. ನವೆಂಬರ್ ತಿಂಗಳಿಡೀ ಆ ಹಾಳೆಗಳು ಪೀಠದ ಬಳಿ ಇರುತ್ತವೆ. ಅಜ್ಜ, ಅಜ್ಜಿ, ಅಪ್ಪ, ಅವ್ವ, ಹುಟ್ಟಿದ ಮೂರೇ ದಿನಕ್ಕೆ ಹೋದ ಕೂಸು, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಅಲ್ಲೇ ಮಣ್ಣಾದ ಅಣ್ಣ, ಹೀಗೆ ಒಂದು ಹಾಳೆಯಲ್ಲಿ ಒಂದು ಮನೆತನದ ಕಥೆಯೇ ಇರುತ್ತದೆ. ಅವನ್ನು ಒಂದೊಂದಾಗಿ ಓದುವುದು ನನಗೆ ಆ ದಿನಗಳ ದೊಡ್ಡ ಪ್ರಾರ್ಥನೆ.

2024ರಲ್ಲಿ ಹಾಗೆ ಓದುತ್ತಿದ್ದಾಗ ಒಂದು ಹಾಳೆ ಕೈಗೆ ಬಂತು. ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಹೆಸರು ಬರೆದಿದ್ದರು. ನಾಲ್ಕು ಎಂಬ ಅಂಕಿ ಇತ್ತು. ಅದರ ಮುಂದೆ ಏನೂ ಇರಲಿಲ್ಲ. ಐದರಿಂದ ಮತ್ತೆ ಹೆಸರುಗಳು. ಕೈಬರಹ ನೋಡಿದೊಡನೆ ಯಾರ ಮನೆಯದು ಎಂದು ತಿಳಿಯಿತು. ಆ ಖಾಲಿ ಸಾಲು ಯಾರದೆಂಬುದೂ ತಿಳಿಯಿತು.

ಊರು, ಹೆಸರು ಹೇಳುವುದಿಲ್ಲ. ಆ ತಾಯಿಯ ಒಪ್ಪಿಗೆ ಪಡೆದೇ ಇಷ್ಟನ್ನು ಹೇಳುತ್ತಿದ್ದೇನೆ.

ನಿಮಗೆಲ್ಲ ನೆನಪಿರಬೇಕು. 2022ರಲ್ಲಿ ದೇವರು ಮಳೆ ಕೊಟ್ಟ. ವೇದಾವತಿ ತುಂಬಿ ಹರಿದಳು. ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಬಸ್ಸು ಮಾಡಿಕೊಂಡು ಹೋಗಿ ಆ ನೀರನ್ನು ನೋಡಿ ಬಂದೆವು. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಹಿಂದಿನ ವರ್ಷದ ಮಳೆ ನಂಬಿ ಸಾಲ ಮಾಡಿ ಶೇಂಗಾ ಬಿತ್ತಿದವರು, ಬೋರು ಕೊರೆಸಿದವರು ಕೈ ಸುಟ್ಟುಕೊಂಡರು. ಅವರಲ್ಲಿ ಒಬ್ಬ ಆ ತಾಯಿಯ ಗಂಡ. ಮೆಲುದನಿಯ ಮನುಷ್ಯ. ಭಾನುವಾರ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಆ ಸುಗ್ಗಿ ಕಳೆದು ಕೆಲವು ತಿಂಗಳಿಗೆ ತನ್ನ ಜೀವವನ್ನು ತಾನೇ ಕಳೆದುಕೊಂಡ.

ಆ ದಿನ ನಾನು ಏನು ಮಾಡಿದೆ ಎಂಬುದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಬೇಕು. ಊರಿನ ಕೆಲವರು ಬಂದು, “ಫಾದರ್, ಇಂಥ ಸಾವಿಗೆ ದೇವಾಲಯದಲ್ಲಿ ಪೂಜೆ ಬೇಡ. ನಾಳೆ ಜನ ಏನಂತಾರೆ? ಸಂಜೆ ಹೊತ್ತಿಗೆ ಸುಮ್ಮನೆ ಮಣ್ಣು ಮಾಡಿಬಿಡೋಣ” ಎಂದರು. ಧರ್ಮಸಭೆಯ ಬೋಧನೆ ಏನೆಂದು ನನಗೆ ಗೊತ್ತಿತ್ತು. ಗುರುಮಠದಲ್ಲಿ ಅದನ್ನು ಓದಿ ಪರೀಕ್ಷೆ ಬರೆದು ಬಂದವನು ನಾನು. ಆದರೂ ನಾಲ್ಕು ಜನರ ಮಾತಿಗೆ ಹೆದರಿದೆ. ಪೂಜೆ ಇಲ್ಲದೆ, ಗಂಟೆ ಬಾರಿಸದೆ, ಇದೇ ಸಮಾಧಿ ಸ್ಥಳದ ಆ ಮೂಲೆಯಲ್ಲಿ ಹತ್ತು ನಿಮಿಷದ ಪ್ರಾರ್ಥನೆ ಹೇಳಿ, ತೀರ್ಥ ಚಿಮುಕಿಸಿ, ಮನೆಗೆ ಬಂದುಬಿಟ್ಟೆ. ಆ ಹಾಳೆಯ ಖಾಲಿ ಸಾಲನ್ನು ಬಿಡಿಸಿದವಳು ಆ ತಾಯಿ ಅಲ್ಲ, ನಾನು.

ಮರುದಿನ ಅವರ ಮನೆಗೆ ಹೋದೆ. ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಸ್ವಾಮಿ, ಅವ್ರ ಹೆಸರು ಬರೀಬೌದಾ? ಬರೆದ್ರೆ ಉಳಿದವ್ರಿಗೆ ಮೈಲಿಗೆ ಆಗಲ್ವಾ?”

ಪ್ರಿಯರೇ, ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಂದಿನ ನನ್ನ ಪ್ರಬೋಧನೆ.

ಮೊದಲನೆಯದಾಗಿ, ಮೃತರಿಗಾಗಿ ಪ್ರಾರ್ಥಿಸುವ ಪದ್ಧತಿ ನಮಗೆ ಎಲ್ಲಿಂದ ಬಂತು ನೋಡೋಣ. ಮಕ್ಕಾಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ನೀವು ಈ ದಿನ ಅನೇಕ ಸಲ ಕೇಳಿದ್ದೀರಿ. ಯೂದ ಮಕ್ಕಾಬಿಯನು ಯುದ್ಧದಲ್ಲಿ ಮಡಿದವರಿಗಾಗಿ ಸುಮಾರು 2000 ಬೆಳ್ಳಿಯ ನಾಣ್ಯಗಳನ್ನು ಸಂಗ್ರಹಿಸಿ, ಪಾಪಪರಿಹಾರದ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳುಹಿಸಿದ. ಇಷ್ಟು ನಮಗೆ ನೆನಪಿರುತ್ತದೆ. ಆದರೆ ಅದಕ್ಕೆ ಹಿಂದಿನ ನಾಲ್ಕು ಸಾಲು ಮರೆತುಬಿಡುತ್ತೇವೆ. ಮಡಿದ ಸೈನಿಕರ ಹೆಣಗಳನ್ನು ಎತ್ತುವಾಗ ಅವರ ಅಂಗಿಯೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕವು. ಧರ್ಮಶಾಸ್ತ್ರ ನಿಷೇಧಿಸಿದ್ದ ವಸ್ತುಗಳು ಅವು. ಅಂದರೆ ಯೂದನು ಪ್ರಾರ್ಥನೆ ಮಾಡಿಸಿದ್ದು ತಪ್ಪು ಮಾಡಿ ಸತ್ತವರಿಗಾಗಿ. ಎಲ್ಲರ ಕಣ್ಣಿಗೆ ಬಿದ್ದ ತಪ್ಪು ಅದು. ಅವನು ಆ ಹೆಣಗಳನ್ನು ಅಲ್ಲೇ ಬಿಟ್ಟುಹೋಗಲಿಲ್ಲ. ಅವರ ಹೆಸರು ಅಳಿಸಲಿಲ್ಲ. ಪುನರುತ್ಥಾನ ಉಂಟೆಂದು ನಂಬಿದ್ದರಿಂದ ಅವರಿಗಾಗಿ ಬೇಡಿಕೊಂಡ. ಬೈಬಲ್ಲಿನಲ್ಲಿ ಮೃತರಿಗಾಗಿ ಬಲಿಯರ್ಪಿಸಿದ ಆ ಸ್ಪಷ್ಟ ಪ್ರಸಂಗದಲ್ಲೇ ಇರುವವರು ತಪ್ಪು ಮಾಡಿದವರು ಎಂಬುದನ್ನು ಮರೆಯಬೇಡಿ.

ಎರಡನೆಯದಾಗಿ, ಧರ್ಮಸಭೆಯ ನಿಯಮ. ನಮ್ಮ ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1917ರ ಧರ್ಮಸಭಾ ಕಾನೂನಿನಲ್ಲಿ, ಬೇಕೆಂದೇ ತಮ್ಮ ಪ್ರಾಣ ಕಳೆದುಕೊಂಡು, ಪಶ್ಚಾತ್ತಾಪದ ಯಾವ ಗುರುತೂ ಇಲ್ಲದೆ ಸತ್ತವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇರಲಿಲ್ಲ. ಹಳೆಯ ತಲೆಮಾರಿನವರು ಅದನ್ನೇ ಕಂಡು ಬೆಳೆದವರು. ಆದರೆ 1983ರ ಹೊಸ ಕಾನೂನಿನಲ್ಲಿ ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಿಂದ ಅವರನ್ನು ಕೈಬಿಡಲಾಯಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2282 ಮತ್ತು 2283ನೇ ಪರಿಚ್ಛೇದಗಳಲ್ಲಿ ಇದನ್ನು ಬಿಡಿಸಿ ಹೇಳುತ್ತದೆ. ಮನಸ್ಸಿನ ತೀವ್ರ ಕಾಯಿಲೆ, ಸಂಕಟ, ಭಯ ಇವು ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆ. ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು. ದೇವರು ತನಗೊಬ್ಬನಿಗೇ ತಿಳಿದ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲನು. ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ಇದು ಬೋಧನೆಯ ಸಾರ.

ಹಾಗೆಂದು ಜೀವ ಕಳೆದುಕೊಳ್ಳುವುದು ಸಣ್ಣ ವಿಷಯವೆಂದು ಧರ್ಮಸಭೆ ಹೇಳುವುದಿಲ್ಲ. ಜೀವ ದೇವರದು. ಅದನ್ನು ಕೊಟ್ಟವನೂ ಕರೆದುಕೊಳ್ಳುವವನೂ ಅವನೇ. ಆ ಬೋಧನೆ ಬದಲಾಗಿಲ್ಲ. ಸತ್ತವನ ಮೇಲೆ ತೀರ್ಪು ಬರೆಯುವ ಲೇಖನಿ ಮಾತ್ರ ನಮ್ಮ ಕೈಯಲ್ಲಿಲ್ಲ.

ಗುರುಗಳ ಪಾಲಕರಾದ ಸಂತ ಯೊವಾನ್ನ ಮರಿಯ ವಿಯಾನ್ನಿಯವರ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಯಲ್ಲಿ 1818ರಿಂದ 1859ರಲ್ಲಿ ಸಾಯುವತನಕ ಸೇವೆ ಮಾಡಿದವರು ಅವರು. ಸೇತುವೆಯಿಂದ ಹಾರಿ ಸತ್ತವನ ಹೆಂಡತಿ ದುಃಖದಿಂದ ಅವರ ಊರಿಗೆ ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ, ನಿನ್ನ ಗಂಡ ರಕ್ಷಣೆ ಪಡೆದಿದ್ದಾನೆ, ಸೇತುವೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪ ಪಡಲು ಸಮಯವಿತ್ತು, ಅವನಿಗಾಗಿ ಪ್ರಾರ್ಥಿಸು ಎಂದು ಆ ಸಂತರು ಹೇಳಿದರಂತೆ. ನಮಗೆ ಒಂದು ಕ್ಷಣವಾಗಿ ಕಾಣುವುದರಲ್ಲಿ ದೇವರ ಕರುಣೆ ಎಷ್ಟು ಕೆಲಸ ಮಾಡುತ್ತದೋ ಯಾರು ಬಲ್ಲರು?

ಮೂರನೆಯದಾಗಿ, ಸತ್ತವರಿಗಾಗಿ ನಾವು ಪ್ರಾರ್ಥಿಸುವುದು ಏಕೆ? ಮೊಳಕಾಲ್ಮುರಿನ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆಗೆ ಅಂಟು ಇರುತ್ತದೆ. ಎಳೆ ಒರಟು, ಬಣ್ಣ ಮಂಕು. ಹಾಗೆಯೇ ಬಣ್ಣದ ತೊಟ್ಟಿಗೆ ಹಾಕಿದರೆ ಬಣ್ಣ ಹಿಡಿಯುವುದಿಲ್ಲ. ಸೋಪಿನ ನೀರಿನಲ್ಲಿ ಕುದಿಸಬೇಕು. ಅಂಟು ಬಿಟ್ಟ ಮೇಲೆ ಅದೇ ಎಳೆ ಹೊಳೆಯುತ್ತದೆ, ಮದುವೆ ಸೀರೆಯಾಗುತ್ತದೆ. ಕುದಿಸುವವನಿಗೆ ಎಳೆಯ ಮೇಲೆ ಸಿಟ್ಟಿಲ್ಲ. ಅದರ ಬೆಲೆ ಅವನಿಗೆ ಗೊತ್ತು. ಮರಣದ ನಂತರದ ಶುದ್ಧೀಕರಣವೆಂದು ಧರ್ಮಸಭೆ ಬೋಧಿಸುವುದು ಇಂಥದ್ದು. ದೇವರ ಪ್ರೀತಿಯಲ್ಲಿ ಸತ್ತು ಇನ್ನೂ ಪೂರ್ತಿ ಶುದ್ಧರಾಗದವರಿಗೆ ಆ ಪ್ರೀತಿಯ ಬೆಂಕಿಯಲ್ಲಿ ಉಳಿದ ಅಂಟು ಬಿಡುತ್ತದೆ. ಅದಕ್ಕೆ ನಮ್ಮ ಪ್ರಾರ್ಥನೆ, ಬಲಿಪೂಜೆ, ದಾನಧರ್ಮಗಳು ನೆರವಾಗುತ್ತವೆ. ಕ್ಲೂನಿ ಮಠದ ಸಂತ ಓದಿಲೋ ಸುಮಾರು ಸಾವಿರ ವರ್ಷಗಳ ಹಿಂದೆ ನವೆಂಬರ್ 2ನ್ನು ಇದಕ್ಕಾಗಿ ಮೀಸಲಿಟ್ಟರು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ, 1915ರಲ್ಲಿ, 15ನೇ ಬೆನೆಡಿಕ್ಟ್ ಜಗದ್ಗುರುಗಳು ಪ್ರತಿಯೊಬ್ಬ ಗುರುವೂ ಈ ದಿನ ಮೂರು ಪೂಜೆ ಅರ್ಪಿಸಬಹುದೆಂದು ಅನುಮತಿ ಕೊಟ್ಟರು. ಅವುಗಳಲ್ಲಿ ಒಂದು ಸಕಲ ಮೃತರಿಗಾಗಿ. ಸಕಲ ಎಂದರೆ ಸಕಲ. ಅದರೊಳಗೆ ನಾವು ಬೇಲಿ ಹಾಕುವಂತಿಲ್ಲ.

ಸತ್ತವರನ್ನು ಕೈಬಿಡಬಾರದೆಂಬ ಅರಿವು ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನ ಪತ್ತೆಮಾಡಿದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು ಎಂಬ ಬುದ್ಧಿವಾದ ಆ ಬಂಡೆಯ ಮೇಲಿದೆ. ಅದೇ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು ಅಗೆದಾಗ ಬೃಹತ್ ಶಿಲಾಯುಗದ ಸಮಾಧಿಗಳು ಸಿಕ್ಕವು. ದೊಡ್ಡ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಕೋಣೆಯಂತೆ ಮಾಡಿ, ಅದರಲ್ಲಿ ಮೂಳೆಗಳ ಜೊತೆ ಮಡಕೆ ಕುಡಿಕೆ, ಕಬ್ಬಿಣದ ಹತಾರಗಳನ್ನು ಇಟ್ಟಿದ್ದಾರೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಅದು ಏಕೆಂದು ವಿದ್ವಾಂಸರು ಹೇಳಲಿ. ಮೂಡಣ ದಿಕ್ಕಿಗೆ ಕಿಂಡಿಯಿಟ್ಟ ಆ ಗೋರಿಯ ಮುಂದೆ ನಿಂತರೆ, ಸತ್ತವನಿಗೆ ಎಲ್ಲವೂ ಮುಗಿಯಿತೆಂದು ಆ ಜನ ನಂಬಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮ ನೆರೆಹೊರೆಯವರು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನೂ ನೋಡುತ್ತೇವೆ. ಕ್ರಿಸ್ತನ ಬೆಳಕು ಕಂಡ ನಾವು ಒಂದು ಸಾಲನ್ನು ಖಾಲಿ ಬಿಡಬಹುದೇ?

ಕೊನೆಯದಾಗಿ ಒಂದು ಮಾತು. ಈಗ ಚಳ್ಳಕೆರೆ ಸುತ್ತಮುತ್ತ ಶೇಂಗಾ ಕೀಳುವ ಕಾಲ. ಬೇರೆ ಗಿಡದ ಹೂ ಮೇಲೆಯೇ ಕಾಯಿ ಕಟ್ಟುತ್ತದೆ. ಶೇಂಗಾದ ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಬಾಗಿ ಕೆಳಗಿಳಿಯುತ್ತದೆ, ಮಣ್ಣು ಹೊಕ್ಕು ಕತ್ತಲಲ್ಲಿ ಕಾಯಾಗುತ್ತದೆ. ಗೋಧಿಯ ಕಾಳು ಮಣ್ಣಿಗೆ ಬಿದ್ದು ಸಾಯದಿದ್ದರೆ ಫಲವಿಲ್ಲವೆಂದು ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ್ದು ನಮ್ಮ ಹೊಲದಲ್ಲಿ ಹೀಗೆ ಕಾಣುತ್ತದೆ. ಆದರೆ ರೈತರು ಇನ್ನೊಂದನ್ನೂ ಬಲ್ಲರು. ಮಳೆಯಿಲ್ಲದೆ ಮಣ್ಣು ಗಟ್ಟಿಯಾದರೆ ಆ ಸೂಜಿ ಇಳಿಯಲಾರದು, ಮೇಲೆಯೇ ಒಣಗುತ್ತದೆ. ಬದುಕಿದ್ದಾಗ ಆ ಮನುಷ್ಯ ತನ್ನ ಕಷ್ಟ ಹೇಳಿಕೊಳ್ಳಲು ಎಷ್ಟು ಜನರ ಬಳಿ ಬಂದಿದ್ದನೋ! ನಮ್ಮ ಮಣ್ಣು ಗಟ್ಟಿಯಾಗಿತ್ತು. ನನ್ನದೂ ಸೇರಿ. ಪೂಜೆ ಮುಗಿದ ಮೇಲೆ ಎರಡು ಸಲ ಬಾಗಿಲ ಬಳಿ ನಿಂತಿದ್ದ. ನಾನು ಇನ್ನೊಂದು ಹಳ್ಳಿಯ ಪೂಜೆಗೆ ಹೊರಡುವ ಅವಸರದಲ್ಲಿದ್ದೆ.

ಆದ್ದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದು, ನಿಮ್ಮ ಹಾಳೆಯಲ್ಲಿ ಬಿಟ್ಟುಹೋದ ಹೆಸರಿದ್ದರೆ ಇಂದೇ ಬರೆಯಿರಿ. ಹೇಗೆ ಸತ್ತರೆಂದು ನಾನು ಕೇಳುವುದಿಲ್ಲ. ಎರಡು, ನವೆಂಬರ್ 1ರಿಂದ 8ರೊಳಗೆ ಸಮಾಧಿ ಸ್ಥಳಕ್ಕೆ ಬಂದು ಮೃತರಿಗಾಗಿ ಪ್ರಾರ್ಥಿಸಿ, ಪಾಪನಿವೇದನೆ ಮಾಡಿ, ಪ್ರಸಾದ ಸ್ವೀಕರಿಸಿ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥಿಸಿದರೆ ಧರ್ಮಸಭೆ ಕೊಡುವ ಪೂರ್ಣ ದಂಡವಿಮೋಚನೆಯನ್ನು ಮೃತರಿಗಾಗಿ ಅರ್ಪಿಸಬಹುದು. ನಿಮ್ಮ ಹಿರಿಯರ ಗೋರಿಗೆ ಹೂ ಇಟ್ಟ ಮೇಲೆ, ಯಾರೂ ಬಾರದ ಗೋರಿಗೂ ಒಂದು ಮೇಣದಬತ್ತಿ ಹಚ್ಚಿ. ಮೂರು, ನಿಮ್ಮ ಬೀದಿಯಲ್ಲಿ ಮಾತು ಕಡಿಮೆಯಾದವನು, ಊಟ ಬಿಟ್ಟವನು, ಸಾಲಗಾರರಿಗೆ ಹೆದರಿ ಮುಖ ಮರೆಸಿಕೊಂಡವನು ಇದ್ದರೆ ಅವನ ಪಕ್ಕ ಹೋಗಿ ಕುಳಿತುಕೊಳ್ಳಿ. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗುರುಮನೆಯ ಬಾಗಿಲನ್ನೂ ತಟ್ಟಿ. ಈ ಸಲ ನಾನು ಅವಸರದಲ್ಲಿರುವುದಿಲ್ಲ.

ಆ ತಾಯಿಗೆ ನಾನು ಅಂದು ಹೇಳಿದ್ದು ಇಷ್ಟೇ: “ಬರೀರಿ ಅಮ್ಮಾ. ಅವರಿಂದ ಯಾರಿಗೂ ಮೈಲಿಗೆ ಇಲ್ಲ. ತಪ್ಪು ನನ್ನದು, ಕ್ಷಮಿಸಿ.” ಅವರು ಪೆನ್ನು ತೆಗೆದುಕೊಂಡು ನಾಲ್ಕನೆಯ ಸಾಲಿನಲ್ಲಿ ಗಂಡನ ಹೆಸರು ಬರೆದರು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರನ್ನು ಪೂರ್ತಿಯಾಗಿ ಬರೆದರು. ಅದೇ ವಾರ ಆತನಿಗಾಗಿ ದೇವಾಲಯದಲ್ಲಿ ಗಂಟೆ ಬಾರಿಸಿ ಬಲಿಪೂಜೆ ಅರ್ಪಿಸಿದೆವು. ಅಂದು ಬೇಡವೆಂದಿದ್ದವರಲ್ಲಿ ಇಬ್ಬರು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಲಾಜರನ ಗೋರಿಯ ಮುಂದೆ ಯೇಸುಸ್ವಾಮಿ ಮೊದಲು ಅತ್ತರು, ಆಮೇಲೆ ಅವನನ್ನು ಹೆಸರು ಹಿಡಿದು ಕರೆದರು. ನಮ್ಮ ಮೃತರೆಲ್ಲರ ಹೆಸರೂ ಆ ಪ್ರಭುವಿನ ಬಾಯಲ್ಲಿದೆ. ಈಗ ಪೀಠದ ಬಳಿ ಇಟ್ಟಿರುವ ಈ ಹಾಳೆಗಳನ್ನು ಆತನಿಗೆ ಅರ್ಪಿಸೋಣ.

ಓ ಪ್ರಭುವೇ, ಅಗಲಿದ ನಮ್ಮ ಪ್ರಿಯರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ಬಳಲಿ ದಾರಿ ಕಾಣದೆ ಹೋದವರನ್ನು ನಿನ್ನ ಎದೆಗೊರಗಿಸಿಕೋ. ಉಳಿದಿರುವ ನಮ್ಮ ಮನಸ್ಸಿನ ಮಣ್ಣನ್ನು ಮೆದುಗೊಳಿಸು. ಆಮೆನ್.