ಹಾಲು, ರಾಗಿ ಮತ್ತು ಬೋರಿನ ನೀರು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ನಾವು ದಿನಕ್ಕೆ ಎರಡು ಹೊತ್ತು ಹಾಲಿನ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ನೋಡಿಕೊಂಡು ಬಂದಿದ್ದೇವೆ. ಮನೆಯಲ್ಲಿ ಕುಡಿಯುವ ನೀರಿನಲ್ಲಿ ಏನಿದೆ ಅಂತ ಎಷ್ಟು ಸಲ ನೋಡಿದ್ದೇವೆ? ಈ ಶುಭದಿನ ಅದರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಬರ ಕಂಡ ತಾಲ್ಲೂಕುಗಳು. ಬಾವಿಗಳು ಬತ್ತಿದವು, ಬೋರುಗಳು ಆಳಕ್ಕಿಳಿದವು. ಆಳದ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರು ನಮ್ಮ ಸೀಮೆಗೆ, ಅದರಲ್ಲೂ ಪಾವಗಡಕ್ಕೆ, ಹೊಸದಲ್ಲ. ಎಷ್ಟು ಉಜ್ಜಿದರೂ ಹೋಗದ ಹಲ್ಲಿನ ಕಲೆಗೆ ನಾಚಿ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ನೋಡಿದ್ದೇವೆ. ವರ್ಷಗಟ್ಟಲೆ ಕುಡಿದರೆ ಮೊಣಕಾಲು, ಸೊಂಟ, ಕತ್ತು ಹಿಡಿದುಕೊಳ್ಳುತ್ತವೆ. "ಕಾಯಿಸಿ ಕುಡೀತೀವಲ್ಲ ಸ್ವಾಮಿ" ಅಂತೀರಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಇದಕ್ಕೆ ಎದುರು ನಿಲ್ಲುವುದು ಸುಣ್ಣದಂಶ. ಅದು ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದು, ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಸುಣ್ಣದಂಶ ಸಾಲದ ಮಕ್ಕಳಿಗೆ ಫ್ಲೋರೈಡಿನ ಪೆಟ್ಟು ಜೋರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಹೋದವರು ಏನು ಕಳೆದುಕೊಂಡೆವು, ಲೆಕ್ಕ ಹಾಕಿ.

ಹಾಲಿನ ಮಾತು ಹೇಳಲು ನಮಗೇ ಸಂಕೋಚ. ಕರೆದದ್ದನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಕಪ್ಪು ಟೀ ಕೊಡುವ ಮನೆಗಳು ನಮ್ಮ ಸದಸ್ಯರಲ್ಲೇ ಇವೆ. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ಊಟದ ಜೊತೆ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣದಂಶವೂ ಮೈಗೆ ಹತ್ತುವುದಿಲ್ಲ. ಟೀ ಬದಲು ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ.

ಇನ್ನು ಸೀಸ. ಬಣ್ಣ ಬರಲೆಂದು ಅರಿಶಿನಕ್ಕೆ ಸೀಸದ ಹಳದಿ ಬೆರೆಸುವವರಿದ್ದಾರೆ. ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸುವುದು ಮೇಲು. ಆದರೆ ಕೊಂಬಿಗೂ ಬಣ್ಣ ಹಚ್ಚುತ್ತಾರೆ, ಅತಿಯಾಗಿ ಹೊಳೆಯುವುದನ್ನು ಕೊಳ್ಳಬೇಡಿ. ಸುಣ್ಣ, ಕಬ್ಬಿಣದಂಶ ಕಡಿಮೆಯಿರುವ ಮಕ್ಕಳ ಮೈ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಬಡಕಲು ಮಗುವಿಗೇ ವಿಷ ಹೆಚ್ಚು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಸಾರು ಮಾಡಬೇಡಿ, ತಾಮ್ರ ಬಿಡುತ್ತದೆ.

2025ರ ಜುಲೈನಲ್ಲಿ ಪಾವಗಡದಲ್ಲಿ ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾಯಿತು. ನದಿ ನೀರು ಬರುವ ಊರಿನವರು ಕುಡಿಯಲು ಮಾತ್ರವಲ್ಲ, ಅಡಿಗೆಗೂ ಅದನ್ನೇ ಬಳಸಿ. ಬರದ ಊರಿನವರು ಮೊದಲ ಮಳೆ ಬಿಟ್ಟು ಚಾವಣಿ ನೀರು ಹಿಡಿಯಿರಿ, ಇಲ್ಲವೇ ಶುದ್ಧ ನೀರಿನ ಘಟಕದ್ದು ತನ್ನಿ. ಪಂಚಾಯಿತಿಗೆ ಹೇಳಿ ಬೋರಿನ ನೀರು ಪರೀಕ್ಷೆ ಮಾಡಿಸಿ.

ಕೊನೆಯದಾಗಿ ಒಂದೇ ಕೋರಿಕೆ. ನಾಳೆ ಬೆಳಿಗ್ಗೆ ಕ್ಯಾನು ಹಿಡಿದು ಡೈರಿಗೆ ಬರುವ ಮೊದಲು, ಮಕ್ಕಳಿಗೆ ತಲಾ ಒಂದು ಲೋಟ ಹಾಲು ತೆಗೆದಿಟ್ಟು ಬನ್ನಿ. ಸಂಘಕ್ಕೆ ಅಷ್ಟು ಹಾಲು ಕಡಿಮೆಯಾದರೂ ನಷ್ಟವಿಲ್ಲ.