ಉದ್ಯಾವರದ ನೆಲವೂ ನಮ್ಮ ಕರ್ತವ್ಯವೂ

(ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಉಡುಪಿಯಿಂದ ಕಾಪುವಿಗೆ ಹೋಗುವಾಗ ಉದ್ಯಾವರವನ್ನು ಹಾಯದವರು ತಮ್ಮಲ್ಲಿ ಯಾರೂ ಇರಲಾರರು. ಆದರೆ ಅಲ್ಲಿ ಇಳಿದು ನೋಡಿದವರು ಎಷ್ಟು ಮಂದಿ? ಇಂದಿನ ಉದ್ಯಾವರವೇ ಆಳುಪ ಅರಸರ ಉದಯಪುರವು. ಅಲ್ಲಿಯ ಶಿಲಾಶಾಸನಗಳನ್ನು ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಓದಿ, 1907-08ರ ‘ಎಪಿಗ್ರಾಫಿಯಾ ಇಂಡಿಕಾ’ ಸಂಪುಟದಲ್ಲಿ ಪ್ರಕಟಿಸಿದರು. ರಣಸಾಗರ, ಪೃಥ್ವೀಸಾಗರ, ವಿಜಯಾದಿತ್ಯ ಮೊದಲಾದ ಅರಸರ ಹೆಸರುಗಳೂ, ಉದಯಪುರವನ್ನು ಹೊಗುವ ಕಾಳಗದಲ್ಲಿ ಮಡಿದ ವೀರರ ನೆನಪೂ ಆ ಕಲ್ಲುಗಳಲ್ಲಿ ಉಳಿದಿವೆ. ಅವುಗಳ ಭಾಷೆಯು ಕನ್ನಡ. ಕಾರ್ಕಳದ ಸೀಮೆಯ ಬೆಳ್ಮಣ್ಣಿನಲ್ಲಿ ದೊರೆತ, ಜೋಡಿ ಮೀನಿನ ಲಾಂಛನವುಳ್ಳ 8ನೆಯ ಶತಮಾನದ ತಾಮ್ರಶಾಸನವೂ ಕನ್ನಡದ್ದೇ.

ಮನೆಮಾತು ತುಳುವಾಗಿರುವ ಈ ನಾಡು ಹನ್ನೆರಡು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ರಾಜಕಾರ್ಯವನ್ನು ನಡೆಸುತ್ತಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಮದರಾಸಿಗೆ ಅಂಟಿಕೊಂಡಿದ್ದ ನಮ್ಮ ಜಿಲ್ಲೆಯು 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿದಾಗ ಹೊಸ ನಂಟೇನೂ ಹುಟ್ಟಲಿಲ್ಲ. ಹಳೆಯ ನಂಟೇ ಊರ್ಜಿತವಾಯಿತು. ಕಾಸರಗೋಡು ಹೊರಗುಳಿದ ನೋವು ಮಾತ್ರ ಇಂದಿಗೂ ಮಾಸಿಲ್ಲ.

ಆದರೆ ಕಲ್ಲು ಅರಸನ ಮಾತನ್ನು ಹೇಳುತ್ತದೆ. ಆ ವೀರನಿಗೆ ಅನ್ನವಿಕ್ಕಿದ ಒಕ್ಕಲಿನವನು ಎಲ್ಲಿ ವಾಸವಾಗಿದ್ದನು? ಆತನ ಅಡಿಗೆಯ ಮಡಕೆ ಎಂಥದು? ಇದಕ್ಕೆ ಮಣ್ಣೇ ಉತ್ತರ ಕೊಡಬೇಕು. ನಮ್ಮ ಸೀಮೆಯಲ್ಲಿ ಅದು ಸುಲಭವಲ್ಲ. ಮಣ್ಣಿನ ಗೋಡೆಯೂ ಹುಲ್ಲಿನ ಮಾಡೂ ನಮ್ಮ ಮಳೆಗಾಲದ ಮುಂದೆ ನಿಲ್ಲಲಾರವು. ಹುಳಿಯಂಶವುಳ್ಳ ಮುರಕಲ್ಲಿನ ಮಣ್ಣಿನಲ್ಲಿ ಎಲುಬು ಕರಗಿಹೋಗುತ್ತದೆ. ಬಯಲುಸೀಮೆಯಂತೆ ಮನೆಗಳು ಒತ್ತಾಗಿರದೆ, ಬೈಲು-ಬೆಟ್ಟುಗಳ ಅಂಚಿನಲ್ಲಿ ಬೇರೆಬೇರೆಯಾಗಿ ಹರಡಿರುವುದರಿಂದ, ಹಳೆಯ ಊರು ಎತ್ತರವಾದ ದಿಬ್ಬವಾಗಿ ಕಾಣಿಸುವುದೂ ಅಪರೂಪ. ಉಳಿಯತಕ್ಕವು ಒಲೆಯ ಮಸಿ ಹಿಡಿದ ನೆಲ, ಮಡಕೆಯ ಚೂರು, ಕಬ್ಬಿಣದ ಕಿಟ್ಟ, ಹೂತ ಬಾವಿ ಇಷ್ಟೇ.

ಅದಕಾರಣವೇ ಉತ್ಖನನಕಾರನು ಪದರ ಪದರವಾಗಿ ಮಣ್ಣನ್ನು ಬಿಡಿಸಿ, ಪ್ರತಿಯೊಂದರ ಸ್ಥಾನವನ್ನೂ ಆಳವನ್ನೂ ಬರೆದಿಡುತ್ತಾನೆ. ಪದರದಲ್ಲಿರುವ ಚೂರು ಕಾಲವನ್ನು ಹೇಳುವ ಸಾಕ್ಷಿ. ಕಿತ್ತು ತಂದ ಚೂರು ಬರಿಯ ಒಡಕು. ಯಂತ್ರವಾದರೋ ಒಂದೇ ಹಗಲಿನಲ್ಲಿ ಇಡೀ ಬೆಟ್ಟನ್ನು ಕೊರೆದೊಯ್ಯುತ್ತದೆ. ಹೋದ ಪದರವನ್ನು ಯಾವ ಸರಕಾರವೂ ಮರಳಿ ಕೊಡಲಾರದು.

ಉಪಾಧ್ಯಾಯ ಬಂಧುಗಳೇ, ತಾವು ಅಗೆಯಬೇಡಿರಿ. ಅದು ಅಪ್ಪಣೆ ಪಡೆದ ತಜ್ಞರ ಕೆಲಸ. ಆದರೆ ಊರಿನ ಗದ್ದೆಗಳ ಹೆಸರುಗಳನ್ನು ಮಕ್ಕಳಿಂದ ಬರೆಯಿಸಿರಿ. ಹಾಳುಬಾವಿ, ಬರಹವುಳ್ಳ ಕಲ್ಲು, ಚೂರುಗಳು ಸಿಕ್ಕುವ ನೆಲ ಇವುಗಳನ್ನು ಗುರುತಿಸಿ, ಅಲುಗಿಸದೆ ಚಿತ್ರ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿರಿ. ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವುದು ವೀರಗಲ್ಲಾಗಿದ್ದೀತು.

ನಾಡಿನ ಎಲ್ಲೆಗಳನ್ನು ಕಾಯಿದೆಯು ಒಂದುಗೂಡಿಸಿತು. ನಾಡಿನ ನೆನಪನ್ನು ಒಂದುಗೂಡಿಸುವ ಕಾರ್ಯವು ತಮ್ಮ ಪಾಲಿಗೆ ಉಳಿದಿದೆ. ಬರುವ ಮಳೆಗಾಲಕ್ಕೆ ಮೊದಲೇ ಅದನ್ನು ತಮ್ಮ ತಮ್ಮ ಊರುಗಳಲ್ಲಿ ಆರಂಭಿಸಬೇಕೆಂದು ವಿಜ್ಞಾಪಿಸಿಕೊಂಡು ವಿರಮಿಸುತ್ತೇನೆ.